ಗ್ರಾಂ ಸಾಹೇಬರ ಥೈರಾಯ್ಡು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದದ್ದು ಸೊನ್ನೆ ಬಿಂದು ಎಂಟು. ಬೇರೆ ಯಾರ ಮನೆಯಲ್ಲಾದರೂ ಅಷ್ಟು ಸಣ್ಣ ಸಂಖ್ಯೆಯನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಅದು ಬಂದು ಕೂತದ್ದು ಗ್ರಾಂ ಸಾಹೇಬರ ಮನೆಯಲ್ಲಿ.

ಬೆಳಗ್ಗೆ ಆರು ಗಂಟೆಗೇ ಅವರು ಕನ್ನಡಕ ಏರಿಸಿ ಮೇಜಿನ ಮುಂದೆ ಕೂತಿದ್ದರು. ಎದುರಿಗೆ ಹಿಂದಿನ ಸಂಜೆ ಬಂದ ರಕ್ತಪರೀಕ್ಷೆಯ ವರದಿ. ಟಿಎಸ್‌ಎಚ್ ಎಂಬ ಸಾಲಿನ ಮುಂದೆ 5.3 ಎಂದಿತ್ತು. ಪಕ್ಕದಲ್ಲಿ, ಇರಬಹುದಾದ ಗರಿಷ್ಠ ಮಿತಿ 4.5. ಮೀರಿದ್ದು ಆ ಸೊನ್ನೆ ಬಿಂದು ಎಂಟು. ಕೆಳಗಿನ ಸಾಲಿನ ಟಿ-ಫೋರ್ ಮಾತ್ರ ಮೇಲಿನ ಗಲಾಟೆಗೂ ತನಗೂ ಸಂಬಂಧವಿಲ್ಲವೆಂಬಂತೆ ತನ್ನ ಮಿತಿಯ ನಟ್ಟನಡುವೆ ಆರಾಮಾಗಿತ್ತು. ಡಾಕ್ಟರಮ್ಮ ಫೋನಿನಲ್ಲಿ, "ಗಡಿಯಲ್ಲಿದೆ ಅಷ್ಟೆ, ಗಾಬರಿ ಬೇಡ. ನಾಳೆ ಸಂಜೆ ಬನ್ನಿ, ಮಾತಾಡೋಣ" ಎಂದಿದ್ದರು.

ಆ ಗಡಿಯೇ ಸಾಹೇಬರ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ಅವರು ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರು. ಇಪ್ಪತ್ತಾರು ವರ್ಷದಿಂದ ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸಿ, ಸರಿಯಿದ್ದರೆ ಹದಿನೇಳನೇ ನಂಬರಿನ ತಮ್ಮ ಮುದ್ರೆಯೊತ್ತಿ, ಇಲ್ಲದಿದ್ದರೆ ಹಳೇ ಮುದ್ರೆಯ ಮೇಲೆ ಅಡ್ಡಗೀಟು ಹೊಡೆದು ರದ್ದು ಮಾಡಿ ಬರುವುದು ಅವರ ಕೆಲಸ. ಆ ಕೆಲಸದಲ್ಲಿ ಗಡಿ ಎಂಬ ಜಾಗವೇ ಇಲ್ಲ. ಮಿತಿಯೊಳಗಿದ್ದರೆ ಮುದ್ರೆ, ಹೊರಗಿದ್ದರೆ ಗೀಟು. ಸ್ವಂತ ಬಾಮೈದನ ಅಂಗಡಿಯ ತಕ್ಕಡಿ ಮೂರು ಗ್ರಾಂ ತಪ್ಪಿದೆಯೆಂದು ಗೀಟು ಹೊಡೆದು, ಅದೇ ಮಧ್ಯಾಹ್ನ ಅದೇ ಬಾಮೈದನ ಮನೆಯಲ್ಲಿ ಊಟಕ್ಕೆ ಕೂತವರು. ಬಡಿಸುವುದು ಸ್ವಲ್ಪ ತಡವಾಯಿತು, ಅಷ್ಟೆ. ವ್ಯಾಪಾರಿಗಳು ಬೆನ್ನ ಹಿಂದೆ ಬೈಯಲೆಂದು ಇಟ್ಟ ಗ್ರಾಂ ಸಾಹೇಬ ಎಂಬ ಹೆಸರು ಬರಬರುತ್ತ ಎದುರಿಗೇ ಕೈಮುಗಿದು ಕರೆಯುವ ಹೆಸರಾಗಿತ್ತು. ಇಷ್ಟು ವರ್ಷದಲ್ಲಿ ಹದಿನೇಳನೇ ನಂಬರಿನ ಒಂದು ಮುದ್ರೆಯೂ ಸುಳ್ಳಾಗಿರಲಿಲ್ಲ. ಇಂಥ ಮನುಷ್ಯ ಊರಿಗೊಬ್ಬನಿದ್ದರೆ ಊರು ಪುಣ್ಯ ಮಾಡಿತ್ತು ಅನ್ನಬೇಕು. ಇಬ್ಬರಿದ್ದರೆ ಊಟಕ್ಕೆ ಕರೆಯುವುದು ಕಷ್ಟ.

ಅಂಥವರಿಗೆ ಎರಡು ತಿಂಗಳಿಂದ ತಮ್ಮ ಮೈಯೇ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಎದ್ದ ಕೂಡಲೇ ಮತ್ತೆ ಮಲಗಬೇಕೆನ್ನಿಸುವ ಸುಸ್ತು. ಎಲ್ಲರೂ ಫ್ಯಾನು ಜೋರು ಮಾಡುವ ಹೊತ್ತಿಗೆ ಇವರಿಗೆ ಚಳಿ. ಬಾಚಣಿಗೆಯ ತುಂಬ ಕೂದಲು. ಮರೆವು ಬೇರೆ. ಮೂರು ವಾರದ ಕೆಳಗೆ ಕಚೇರಿಯಿಂದಲೇ ಕ್ಲಿನಿಕ್ಕಿಗೆ ಹೋಗಿದ್ದಾಗ ನರ್ಸಮ್ಮ ತೂಕ ನೋಡಿದರು: ಎಪ್ಪತ್ತೆರಡು ಕೆಜಿ. ಹೋದ ವರ್ಷದ ಚೀಟಿಯಲ್ಲಿ ಇದ್ದದ್ದು ಅರವತ್ತೆಂಟು. ಸುಸ್ತು, ಚಳಿ, ಕೂದಲು, ಜೊತೆಗೆ ನಾಲ್ಕು ಕೆಜಿ. ಡಾಕ್ಟರಮ್ಮ ಥೈರಾಯ್ಡ್ ಪರೀಕ್ಷೆ ಬರೆದುಕೊಟ್ಟರು.

ಆ ನಾಲ್ಕು ಕೆಜಿಯ ಮೇಲೆ ಮನೆಯಾಕೆಗೆ ಮೊದಲಿನಿಂದಲೂ ನಂಬಿಕೆಯಿರಲಿಲ್ಲ. ಅವರು ದರ್ಜಿ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರವಿತ್ತು, ಕೊರಳಲ್ಲಿ ಟೇಪೂ ಇರುತ್ತಿತ್ತು, ಆದರೆ ಅದು ಗಿರಾಕಿಗಳ ಸಮಾಧಾನಕ್ಕೆ. ಬಟ್ಟೆ ಕತ್ತರಿಸುವುದೆಲ್ಲ ಕಣ್ಣಳತೆಯಲ್ಲೇ. ಹೊಲಿದದ್ದನ್ನು ಬಿಚ್ಚಿ ಮತ್ತೆ ಹೊಲಿದದ್ದು ಯಾರಿಗೂ ನೆನಪಿಲ್ಲ.

"ಹಳೇ ಪ್ಯಾಂಟಿನ ಗುಂಡಿ ಹಾಗೇ ಬೀಳ್ತಿದೆ. ಸೊಂಟ ಒಂದು ನೂಲೂ ಹೆಚ್ಚಿಲ್ಲ. ಆ ನಾಲ್ಕು ಕೆಜಿನ ಎಲ್ಲಿ ಬಚ್ಚಿಟ್ಟಿದ್ದೀರಿ ನೀವು?" ಎಂದು ಕಾಫಿ ಲೋಟ ಇಡುತ್ತ ಅವರು ಇವತ್ತೂ ಕೇಳಿದರು.

"ಯಂತ್ರ ಹೇಳಿದ ಮೇಲೆ ಕಣ್ಣಿನ ಮಾತು ಯಾಕೆ? ಆ ಯಂತ್ರಕ್ಕೆ ಮುದ್ರೆ ಬಿದ್ದಿದೆ ಕಣೇ."

"ಯಂತ್ರ ನಿಮ್ಮ ಪ್ಯಾಂಟು ಹೊಲಿಯುತ್ತಾ?"

ಸಾಹೇಬರು ಕಾಫಿ ಲೋಟ ಎತ್ತಿಕೊಂಡರು. ಅಷ್ಟರಲ್ಲಿ ಮೆಟ್ಟಿಲಿಳಿದು ಮಹಡಿಯಕ್ಕ ಬಂದರು. ಮೇಲಿನ ಮನೆಯ ಈಕೆ ಹನ್ನೊಂದು ವರ್ಷದಿಂದ ಥೈರಾಯ್ಡ್ ಮಾತ್ರೆ ನುಂಗುತ್ತಿರುವವರು. ಈ ಕಾಯಿಲೆಯಲ್ಲಿ ಆ ಬೀದಿಗೆಲ್ಲ ಅವರೇ ಹಿರಿಯರು, ಹೊಸಬರು ಬಂದರೆ ಸಂದರ್ಶನ ಮಾಡದೆ ಒಳಗೆ ಬಿಡುತ್ತಿರಲಿಲ್ಲ.

"ಎಷ್ಟು ಬಂತು?"

"ಐದು ಬಿಂದು ಮೂರು."

"ಬರೀ ಐದಾ?" ಮಹಡಿಯಕ್ಕನ ಮುಖದಲ್ಲಿ ಮರುಕ ಮೂಡಿತು. "ನಂದು ಮೊದಲನೇ ಸಲಕ್ಕೇ ಹದಿನೆಂಟು. ಡಾಕ್ಟ್ರು ಕುರ್ಚಿಯಿಂದ ಎದ್ದು ನಿಂತಿದ್ರು. ಐದಕ್ಕೆಲ್ಲ ಥೈರಾಯ್ಡು ಅಂತಾರಾ?"

"ಹಾಗಾದ್ರೆ ಇಲ್ಲ ಅಂತೀರಾ?" ಎಂದರು ಸಾಹೇಬರು ಆಸೆಯಿಂದ.

"ಇಲ್ಲ ಅಂತ ಹೇಗನ್ನೋದು? ಮುಖ ನೋಡಿದ್ರೆ ಇದೆ. ನನ್ನ ಮಾತ್ರೇಲಿ ಅರ್ಧ ಮುರಿದು ಕೊಡ್ಲಾ? ನೋಡಿ ಒಂದು ವಾರ."

"ಬೇಡಿ ಅಕ್ಕ. ನಿಮ್ಮ ಮೈಗೆ ಅಳೆದು ಬರೆದ ಮಾತ್ರೆ ನನ್ನ ಮೈಗೆ ಹೇಗಾಗುತ್ತೆ?"

ಮನೆಯಾಕೆ ತಲೆಯಾಡಿಸಿದರು. ಇನ್ನೊಬ್ಬರ ಅಳತೆಯ ರವಿಕೆ ತೊಟ್ಟುಕೊಂಡು ಬಂದು ಜಗಳ ಮಾಡುವವರನ್ನು ಅವರು ಬೇಕಾದಷ್ಟು ಕಂಡಿದ್ದರು. ಮಹಡಿಯಕ್ಕ ಬೇಸರಪಡದೆ, ಸಂಜೆ ತಾವೂ ಕ್ಲಿನಿಕ್ಕಿಗೆ ಬರುವುದಾಗಿಯೂ ತಮ್ಮ ಹನ್ನೊಂದು ವರ್ಷದ ಫೈಲು ತರುವುದಾಗಿಯೂ ಹೇಳಿ ಮೇಲೆ ಹೋದರು.

ಸಾಹೇಬರು ಹೊರಡಲು ಎದ್ದರು. ಮೊದಲು ಅಂಗಿಯ ಮೇಲೆ ಚರ್ಮದ ಚೀಲ. ತಕ್ಕಡಿ ಪರೀಕ್ಷಿಸುವ ಹಿತ್ತಾಳೆಯ ತೂಕದ ಬಟ್ಟುಗಳು ಅದರೊಳಗೆ. ಕರ್ತವ್ಯದ ವೇಳೆಯಲ್ಲಿ ಬಟ್ಟುಗಳು ಅಧಿಕಾರಿಯ ಮೈಯಿಂದ ಅಗಲತಕ್ಕದ್ದಲ್ಲ ಎಂದು ಇಲಾಖೆಯ ನಿಯಮ. ಅದನ್ನು ಪಾಲಿಸುವವರು ಇಡೀ ಇಲಾಖೆಯಲ್ಲಿ ಇವರೊಬ್ಬರೇ. ಇವರಿಗಿಂತ ಕಿರಿಯ ಇನ್‌ಸ್ಪೆಕ್ಟರೊಬ್ಬರು ತಮ್ಮ ಬಟ್ಟುಗಳನ್ನು ಜೀಪಿನಲ್ಲೇ ಬಿಟ್ಟು, ಇಳಿಜಾರಿನಲ್ಲಿ ಚಕ್ರಕ್ಕೆ ಅಡ್ಡ ಕೊಡಲು ಬಳಸುತ್ತಿದ್ದರೆಂದು ಸುದ್ದಿಯಿತ್ತು. ಅವರಿಗೆ ಜೀಪ್ ಸಾಹೇಬರೆಂದೇ ಹೆಸರು. ಚಳಿ ಶುರುವಾದ ಮೇಲೆ ಗ್ರಾಂ ಸಾಹೇಬರು ಚೀಲದ ಮೇಲೆ ದೊಗಳೆ ಸ್ವೆಟರು, ಅದರ ಮೇಲೆ ಕೋಟು ಹಾಕತೊಡಗಿದ್ದರು.

ಕಚೇರಿಯಲ್ಲಿ ಹೆಡ್ ಕ್ಲರ್ಕು ಬಾಗಿಲಲ್ಲೇ ಕಾದಿದ್ದರು. ಕೈಯಲ್ಲಿ ಒಂದು ಕಾಗದ.

"ಸಾರ್, ಸಂತೋಷದ ಸಮಾಚಾರ. ಮೂಲಮಾನ ಕೋಣೆಯ ಪಾಲಕರ ಜಾಗಕ್ಕೆ ನಿಮ್ಮ ಹೆಸರು ಬಂದಿದೆ."

ಸಾಹೇಬರು ಅಲ್ಲೇ ಗೋಡೆ ಹಿಡಿದುಕೊಂಡರು. ಸುಸ್ತಿಗಲ್ಲ, ಸಂತೋಷಕ್ಕೆ. ಮೂಲಮಾನ ಕೋಣೆಯೆಂದರೆ ಇಲಾಖೆಯ ಗರ್ಭಗುಡಿ. ಉಳಿದೆಲ್ಲ ತೂಕಗಳಿಗೂ ತಾಯಿಯಾದ ಬಟ್ಟುಗಳು ಅಲ್ಲಿ ಗಂಟೆಯಾಕಾರದ ಗಾಜಿನ ಮುಚ್ಚಳಗಳ ಕೆಳಗೆ ಕೂತಿರುತ್ತವೆ. ಕೈಯಲ್ಲಿ ಮುಟ್ಟುವಂತಿಲ್ಲ, ಚಿಮಟದಲ್ಲೇ ಎತ್ತಬೇಕು. ತಮ್ಮ ಬಟ್ಟುಗಳನ್ನು ಹೋಲಿಸಿ ನೋಡಲು ವರ್ಷಕ್ಕೆರಡು ಸಲ ಆ ಕೋಣೆಯೊಳಗೆ ಹೋಗುವಾಗ ಸಾಹೇಬರು ಹೊಸ್ತಿಲಲ್ಲೇ ಉಸಿರು ಬಿಗಿ ಹಿಡಿಯುತ್ತಿದ್ದರು. ಅದರ ಬೀಗದ ಕೈ ತನ್ನ ಸೊಂಟದಲ್ಲಿರಬೇಕೆಂಬುದು ಅವರ ಇಪ್ಪತ್ತಾರು ವರ್ಷದ ಒಂದೇ ಒಂದು ಆಸೆ. ಅದನ್ನು ಹೆಂಡತಿಗಲ್ಲದೆ ಬೇರೆ ಯಾರಿಗೂ ಹೇಳಿರಲಿಲ್ಲ.

"ವೈದ್ಯರ ಅರ್ಹತಾ ಪತ್ರ ಮಾತ್ರ ಬೇಕು ಸಾರ್. ಇವತ್ತು ಸಂಜೆ ಐದರೊಳಗೆ."

"ಇವತ್ತಾ? ಕಾಗದ ಯಾವಾಗ ಬಂತು?"

"ಹತ್ತು ದಿನ ಆಯ್ತು. ತುರ್ತು ಅಂತ ಬರೆದಿರೋ ಕಡತದಲ್ಲಿತ್ತು, ಹಾಗಾಗಿ ಯಾರ ಕಣ್ಣಿಗೂ ಬಿದ್ದಿಲ್ಲ."

ಸಾಹೇಬರು ಪತ್ರದ ನಮೂನೆ ನೋಡಿದರು. ಅದರಲ್ಲಿ ಎರಡೇ ಚೌಕ. ಅರ್ಹ, ಅನರ್ಹ. ಗಡಿಗೆ ಚೌಕವಿರಲಿಲ್ಲ. ಆ ನಮೂನೆಯನ್ನು ಹಿಂದೆ ಇಲಾಖೆಗೆ ತಿದ್ದಿಕೊಟ್ಟವರು ಅವರೇ. ಮೊದಲು ಅದರಲ್ಲಿ 'ಇತರೆ' ಎಂಬ ಮೂರನೇ ಚೌಕವಿತ್ತು, ಅದು ನುಣುಚಿಕೊಳ್ಳುವವರ ದಾರಿ ಎಂದು ತೆಗೆಸಿಹಾಕಿದ್ದರು.

ಸಾಹೇಬರ ರಕ್ತದ ವರದಿ ಕೈಯಿಂದ ಕೈಗೆ ದಾಟಿ ಹತ್ತು ನಿಮಿಷದಲ್ಲಿ ಕಚೇರಿ ಎರಡು ಪಕ್ಷವಾಯಿತು. ಟೈಪಿಸ್ಟ್ ಮೇಡಂ, ಐದು ಬಿಂದು ಮೂರನ್ನು ಐದು ಅನ್ನಬಹುದು, ನಾಲ್ಕೂವರೆಯನ್ನೂ ಐದು ಅನ್ನಬಹುದು, ಅಲ್ಲಿಗೆ ಎರಡೂ ಒಂದೇ ಆಯಿತು ಎಂದರು. ಜೀಪಿನ ಡ್ರೈವರು ತನ್ನ ಅತ್ತಿಗೆಗೆ ಮೂರಕ್ಕೇ ಕುತ್ತಿಗೆ ಬಾವು ಬಂದಿತ್ತೆಂದ. ಹೆಡ್ ಕ್ಲರ್ಕು ಮಾತ್ರ ವರದಿಯ ಅಂಚಿನಲ್ಲಿ ಪೆನ್ಸಿಲಿನಿಂದ 'ಪರಿಶೀಲಿಸಿದೆ' ಎಂದು ಷರಾ ಬರೆದು, ಸಾಹೇಬರನ್ನು ಪಕ್ಕಕ್ಕೆ ಕರೆದರು.

"ಸಾರ್, ಬಸ್ ನಿಲ್ದಾಣದ ಹಿಂದೆ ಇನ್ನೊಂದು ಲ್ಯಾಬ್ ಇದೆ. ಅಲ್ಲಿಯ ಮಿತಿ ಐದೂವರೆ. ನನ್ನ ಷಡ್ಡಕನ ವರದಿ ನೋಡಿದ್ದೀನಿ. ಅಲ್ಲಿ ರಕ್ತ ಕೊಟ್ರೆ ಇದೇ ರಕ್ತ ಪಾಸು."

ಸಾಹೇಬರು ದಂಗಾದರು. "ಎರಡು ಲ್ಯಾಬಿಗೆ ಎರಡು ಮಿತೀನಾ? ಅಂದ್ರೆ ಆ ಬೀದೀಲಿ ಒಂದು ಕೆಜಿ, ಈ ಬೀದೀಲಿ ಇನ್ನೊಂದು ಕೆಜಿನಾ? ನಡೀರಿ, ಇದನ್ನ ವಿಚಾರಿಸಲೇಬೇಕು."

ಊಟದ ಬಿಡುವಿನಲ್ಲಿ ಇಬ್ಬರೂ ವರದಿ ಕೊಟ್ಟ ಲ್ಯಾಬಿಗೇ ಹೋದರು. ಅಲ್ಲಿ ಯಂತ್ರದ ಮುಂದೆ ನೀಲಿ ಕೋಟಿನ ಹೆಂಗಸೊಬ್ಬರು ಕೂತಿದ್ದರು. ಸಾಹೇಬರು ತಮ್ಮ ಗುರುತಿನ ಚೀಟಿ ತೋರಿಸಿ, ಈ ಯಂತ್ರವನ್ನು ಯಾವುದಕ್ಕೆ ಹೋಲಿಸಿ ನೋಡುತ್ತೀರಿ ಎಂದು ಕೇಳಿದರು. ಆಕೆಯೇನೂ ಗಾಬರಿಯಾಗಲಿಲ್ಲ. ಡ್ರಾಯರಿನಿಂದ ದಪ್ಪ ನೋಟುಪುಸ್ತಕ ತೆಗೆದು ಮುಂದಿಟ್ಟರು.

ದಿನಾ ಬೆಳಗ್ಗೆ ಆರೂವರೆಗೆ, ಮೊದಲ ರೋಗಿ ಬರುವ ಮುಂಚೆ, ಸಂಖ್ಯೆ ಮೊದಲೇ ಗೊತ್ತಿರುವ ಮಾದರಿಯೊಂದನ್ನು ಯಂತ್ರಕ್ಕೆ ಕೊಟ್ಟು ಅದು ಹೇಳಿದ್ದನ್ನು ಆಕೆ ಬರೆದಿಟ್ಟಿದ್ದರು. ಎದುರಿಗೆ ಸಹಿ. ಒಂಬತ್ತು ವರ್ಷದ ಬೆಳಗುಗಳು ಅಲ್ಲಿದ್ದವು. ಎರಡು ಕಡೆ ಮಾತ್ರ ಕೆಂಪು ಶಾಯಿಯಲ್ಲಿ 'ಸರಿಯಿಲ್ಲ, ಇವತ್ತು ಯಾರ ರಕ್ತವನ್ನೂ ನೋಡಲಿಲ್ಲ' ಎಂದಿತ್ತು. ಸಾಹೇಬರು ಒಂದೊಂದೇ ಹಾಳೆ ತಿರುವಿ ನೋಡಿದರು. ತನ್ನಂಥವರು ಇನ್ನೊಬ್ಬರು ಇದೇ ಊರಿನಲ್ಲಿ, ಎರಡು ಬೀದಿ ಆಚೆ, ಯಾರ ಕಣ್ಣಿಗೂ ಬೀಳದೆ ಇದ್ದಾರೆಂದು ತಿಳಿದು ಅವರ ಎದೆ ತುಂಬಿ ಬಂತು.

"ಮಿತಿ ಯಂತ್ರದಿಂದ ಯಂತ್ರಕ್ಕೆ ಒಂಚೂರು ಬೇರೆ ಸಾರ್," ಎಂದರು ನೀಲಿ ಕೋಟಿನಾಕೆ. "ರಕ್ತ ಬೆಳಗ್ಗೆ ಕೊಟ್ರೆ ಒಂದು ತರ, ಮಧ್ಯಾಹ್ನ ಕೊಟ್ರೆ ಸ್ವಲ್ಪ ಕಮ್ಮಿ. ನಿಮ್ಮ ಹಿತ್ತಾಳೆ ಬಟ್ಟು ಹೊತ್ತು ನೋಡಿ ಬದಲಾಗಲ್ಲ. ಮನುಷ್ಯ ಆಗ್ತಾನೆ. ಬೇಕಾದ ಮಿತಿ ಹುಡುಕ್ಕೊಂಡು ಲ್ಯಾಬ್ ಅಲೆದ್ರೆ ಎಲ್ರೂ ಆರೋಗ್ಯವಂತರೇ."

ಸಾಹೇಬರು ಪುಸ್ತಕ ಮುಚ್ಚಿ ಎರಡೂ ಕೈಯಲ್ಲಿ ಹಿಂದಿರುಗಿಸಿದರು. "ಐದು ಬಿಂದು ಮೂರು ನನಗೆ ಒಪ್ಪಿಗೆ ತಾಯಿ," ಎಂದು ಹೊರಟರು. ಹೆಡ್ ಕ್ಲರ್ಕಿಗೆ ಷಡ್ಡಕನ ಲ್ಯಾಬು ಕೈತಪ್ಪಿದ್ದಕ್ಕೆ ಬಹಳ ಬೇಸರವಾಯಿತು. ರಸ್ತೆಯ ತಿರುವಿಗೆ ಬರುವಷ್ಟರಲ್ಲಿ ನೀಲಿ ಕೋಟಿನಾಕೆ ಹಿಂದಿನಿಂದ ಓಡಿ ಬಂದರು. ಸಾಹೇಬರು ವರದಿಯನ್ನು ಅಲ್ಲೇ ಮರೆತಿದ್ದರು.

ನಾಲ್ಕು ಗಂಟೆಗೆ ಕ್ಲಿನಿಕ್ಕಿಗೆ ಹೋದರೆ, ಬೆಂಚಿನ ಮೇಲೆ ಮನೆಯಾಕೆ, ಪಕ್ಕದಲ್ಲಿ ಮಹಡಿಯಕ್ಕ, ಮಹಡಿಯಕ್ಕನ ತೊಡೆಯ ಮೇಲೆ ಫೈಲು. ಹೆಡ್ ಕ್ಲರ್ಕು ಅರ್ಹತಾ ಪತ್ರದ ನಮೂನೆಯನ್ನೂ ಕಚೇರಿಯ ಮೊಹರನ್ನೂ ಹಿಡಿದು ನಿಂತರು. ಹೆಸರು ಕರೆದಾಗ ನಾಲ್ವರೂ ಒಟ್ಟಿಗೇ ಒಳಗೆ ನುಗ್ಗಿದರು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಆದರೆ ದುಡುಕುವವರಲ್ಲ. ಒಬ್ಬೊಬ್ಬರ ಮುಖವನ್ನೂ ನೋಡಿ, "ನಿಮ್ಮಲ್ಲಿ ಪೇಷಂಟು ಯಾರು?" ಎಂದು ಕೇಳಿದರು.

ಪೇಷಂಟು ಕೋಟು, ಸ್ವೆಟರು ಕಳಚಿದರು. ಬೆನ್ನಿಗೆ ಸ್ಟೆತಸ್ಕೋಪ್ ಇಡಲು ಚೀಲ ಅಡ್ಡವಾಯಿತು. ಅದನ್ನು ತೆಗೆಯಲು ಒಂದು ಕ್ಷಣ ಹಿಂಜರಿದು, ಹೆಡ್ ಕ್ಲರ್ಕೂ ಇಲಾಖೆಯವರೇ ತಾನೇ ಎಂದು ಅವರ ಹೆಗಲಿಗೆ ಹಾಕಿದರು. ಡಾಕ್ಟರಮ್ಮ ಕುತ್ತಿಗೆ ಮುಟ್ಟಿ ನೋಡಿದರು, ನುಂಗಿ ಎಂದರು, ನಾಡಿ ಎಣಿಸಿದರು. ಅಷ್ಟು ಹೊತ್ತಿಗೆ ಚಳಿಯಾಗಿ ಸಾಹೇಬರು ಮತ್ತೆ ಸ್ವೆಟರು ತೊಟ್ಟರು.

"ನೋಡಿ, ಈ ಸಂಖ್ಯೆ ಎಷ್ಟೋ ಜನರಲ್ಲಿ ತಾನಾಗೇ ಇಳಿಯುತ್ತೆ. ಕೆಲವರಲ್ಲಿ ಏರುತ್ತೆ. ಒಂದೇ ಸಲ ನೋಡಿ ತೀರ್ಮಾನ ಮಾಡೋ ಹಾಗಿಲ್ಲ. ಎರಡು ತಿಂಗಳು ಬಿಟ್ಟು ಮತ್ತೆ ರಕ್ತ ನೋಡೋಣ. ಈಗಲೇ ಮಾತ್ರೆ ಬೇಕಿಲ್ಲ."

"ಐದೇ ಅಲ್ವಾ," ಎಂದರು ಮಹಡಿಯಕ್ಕ.

ಸಾಹೇಬರು ಸ್ವೆಟರಿನ ತೋಳು ಕೆಳಗೆಳೆದುಕೊಂಡರು. ಆಮೇಲೆ, ಹೆಂಡತಿಗೂ ಕೇಳಿಸದಿರಲಿ ಎಂಬಂತೆ ಮೆಲ್ಲಗೆ ಕೇಳಿದರು. "ಹಾಗಾದ್ರೆ ನನ್ನ ಸುಸ್ತು ಸುಳ್ಳಾ ಮೇಡಂ? ನಾನು ಸೋಮಾರಿ ಆಗಿಬಿಟ್ನಾ?"

"ಸುಳ್ಳಲ್ಲ. ಸುಸ್ತು ಇದೆ ಅಂತ ನೀವು ಹೇಳಿದ್ರೆ ಇದೆ. ಅದಕ್ಕೆ ಕಾರಣ ಈ ಸಂಖ್ಯೇನೇ ಅಂತ ಮಾತ್ರ ನಾನು ಇವತ್ತು ಹೇಳಲಾರೆ. ನಿದ್ದೆ, ರಕ್ತದ ಅಂಶ ಎಲ್ಲಾ ನೋಡಬೇಕು. ಗೊತ್ತಿಲ್ಲದ್ದನ್ನ ಗೊತ್ತಿದೆ ಅನ್ನೋದು ಬೇಡ."

ಈ ಮಾತು ಸಾಹೇಬರಿಗೆ ತುಂಬ ಹಿಡಿಸಿತು. ಹೆಡ್ ಕ್ಲರ್ಕು ಸಮಯ ನೋಡಿ ನಮೂನೆಯನ್ನು ಮುಂದೆ ಸರಿಸಿದರು. ಡಾಕ್ಟರಮ್ಮ ಓದಿದರು.

"ಬರೀ ಸಂಖ್ಯೆ ಆಗಿದ್ರೆ ಅರ್ಹ ಅಂತ ಈಗಲೇ ಬರೀತಿದ್ದೆ. ನಾಲ್ಕು ಕೆಜಿ ಏರಿದೆಯಲ್ಲ, ಅದೊಂದೇ ಯೋಚನೆ. ಇನ್ನೊಂದು ಸಲ ತೂಕ ನೋಡೋಣ. ಏರೋದು ನಿಂತಿದ್ರೆ ಸಹಿ ಹಾಕ್ತೀನಿ."

ಮೂಲೆಯಲ್ಲಿದ್ದ ತೂಕದ ಯಂತ್ರದ ಮೇಲೆ ಸಾಹೇಬರು ಹತ್ತಿ ನಿಂತರು. ಮುಳ್ಳು ತೂಗಾಡಿ ನಿಂತಿತು. ಅರವತ್ತೆಂಟು.

"ಮೂರು ವಾರಕ್ಕೆ ನಾಲ್ಕು ಕೆಜಿ ಇಳಿದ್ರಾ?" ಮಹಡಿಯಕ್ಕ ಫೈಲನ್ನು ಎದೆಗವಚಿಕೊಂಡರು. "ಹನ್ನೊಂದು ವರ್ಷಕ್ಕೆ ನನಗೆ ನಾನೂರು ಗ್ರಾಂ ಇಳಿದಿಲ್ಲ."

ಡಾಕ್ಟರಮ್ಮನ ಹುಬ್ಬು ಗಂಟಿಕ್ಕಿತು. "ಇಷ್ಟು ಬೇಗ ಇಳಿದಿದ್ರೆ ಅದು ಇನ್ನೂ ಯೋಚನೆಯ ವಿಷಯ. ಹಾಗಾದ್ರೆ ಸಹಿ ಹಾಕೋಕಾಗಲ್ಲ."

ಸಾಹೇಬರು ಇಳಿದು, ಬಗ್ಗಿ, ಯಂತ್ರದ ಹಿಂಭಾಗ ನೋಡಿದರು. ಸೀಸದ ಮೇಲೆ ಹೊಳೆಯುವ ಮುದ್ರೆ. ಹದಿನೇಳು. ಒತ್ತಿದ್ದು ಎರಡು ತಿಂಗಳ ಹಿಂದೆ, ಸರಿಯಾಗಿ ಈ ಸುಸ್ತು ಶುರುವಾದ ವಾರ. ಅವರು ಬಗ್ಗಿದವರು ಬಹಳ ಹೊತ್ತು ಮೇಲೇಳಲಿಲ್ಲ.

ಹೆಡ್ ಕ್ಲರ್ಕಿಗೆ ವಿಷಯ ಹೊಳೆಯಿತು. ಅವರೂ ಪಕ್ಕದಲ್ಲಿ ಬಗ್ಗಿ ಪಿಸುಗುಟ್ಟಿದರು. "ಸಾರ್, ಮೈಯೇ ಇಳಿದಿದೆ ಅನ್ನಿ. ಮುದ್ರೆ ಉಳಿಯುತ್ತೆ."

"ಒಂದೇ ಮನುಷ್ಯನಿಗೆ ಎರಡು ತೂಕ ಹೇಳೋ ಯಂತ್ರ ಅನುಮಾನದ ಯಂತ್ರ ರೀ."

"ಹಾಗಾದ್ರೆ ಮೊದಲು ಪರೀಕ್ಷೆ ಮಾಡಿ. ಆಮೇಲೆ ಗೀಟು."

"ಇದಕ್ಕೆ ಇಪ್ಪತ್ತು ಇಪ್ಪತ್ತು ಕೆಜಿಯ ಬಟ್ಟು ಬೇಕು, ಅದು ಕಚೇರಿಯಲ್ಲಿದೆ. ಅಷ್ಟರೊಳಗೆ ಇದರ ಮೇಲೆ ಎಷ್ಟು ಜನ ಹತ್ತುತ್ತಾರೋ, ಅವರಿಗೆಲ್ಲ ಎಷ್ಟು ಮಾತ್ರೆ ಬರೀತಾರೋ. ನಿಯಮ ಏನು? ಅನುಮಾನ ಬಂದ ಯಂತ್ರ ನಿಲ್ಲಬೇಕು."

ಸಾಹೇಬರು ಕೋಟಿನ ಜೇಬಿನಿಂದ ಉಳಿಯನ್ನೂ ಸಣ್ಣ ಸುತ್ತಿಗೆಯನ್ನೂ ತೆಗೆದರು. ಉಳಿಯನ್ನು ಮುದ್ರೆಯ ಮೇಲಿಟ್ಟರು. ಒಂದೇ ಪೆಟ್ಟು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಹದಿನೇಳರ ಮೇಲೆ ಅಡ್ಡಗೀಟು ಬಿತ್ತು, ಅದೂ ಹದಿನೇಳರ ಕೈಯಿಂದಲೇ. ಬಾಗಿಲ ಸಂದಿಯಿಂದ ರೋಗಿಗಳೆಲ್ಲ ನೋಡುತ್ತಿದ್ದರು. ಹಣ್ಣಿನಂಗಡಿಯ ಮುದುಕರೊಬ್ಬರು, ಸಾಹೇಬರಿಂದ ಮೂರು ಸಲ ಗೀಟು ಹೊಡೆಸಿಕೊಂಡವರು, ಎದ್ದು ನಿಂತು ತಲೆಯ ಟೋಪಿ ತೆಗೆದರು. ತಮ್ಮ ತಪ್ಪನ್ನು ಒಪ್ಪಿಕೊಳ್ಳುವವರು ಬಹಳ ಮಂದಿ ಇದ್ದಾರೆ. ಹೀಗೆ ಸುತ್ತಿಗೆ ಹಿಡಿದು ಒಪ್ಪಿಕೊಳ್ಳುವವರು ಅಪರೂಪ.

ಡಾಕ್ಟರಮ್ಮನ ದನಿಯೂ ಮೆತ್ತಗಾಗಿತ್ತು. "ಯಂತ್ರವೇ ತಪ್ಪು ಅಂದ್ಮೇಲೆ ನಿಮ್ಮ ತೂಕ ಏರಲೂ ಇಲ್ಲ, ಇಳಿಯಲೂ ಇಲ್ಲ. ಕೊಡಿ ಇಲ್ಲಿ, ಸಹಿ ಹಾಕ್ತೀನಿ." ಅವರು ಪೆನ್ನಿನ ಮುಚ್ಚಳ ತೆಗೆದರು. ಗಡಿಯಾರದಲ್ಲಿ ಐದಕ್ಕೆ ಇಪ್ಪತ್ತು ನಿಮಿಷ.

ಮನೆಯಾಕೆ ಮಾತ್ರ ಇಷ್ಟೂ ಹೊತ್ತು ಯಂತ್ರವನ್ನಾಗಲಿ ಗಂಡನನ್ನಾಗಲಿ ನೋಡುತ್ತಿರಲಿಲ್ಲ. ಅವರ ಕಣ್ಣಿದ್ದದ್ದು ಹೆಡ್ ಕ್ಲರ್ಕರ ಮೇಲೆ. ಆ ಮನುಷ್ಯ ಆಗಿನಿಂದ ಚರ್ಮದ ಚೀಲವನ್ನು ಎಡ ಹೆಗಲಿಂದ ಬಲಕ್ಕೆ, ಬಲದಿಂದ ಎಡಕ್ಕೆ ಬದಲಿಸುತ್ತಿದ್ದರು. ಅವರ ಅಂಗಿಯ ಹೆಗಲು ಎರಡು ಬೆರಳಿನಷ್ಟು ಕೆಳಗೆ ಜಗ್ಗಿತ್ತು. ಅಂಗಿಯ ಹೆಗಲು ಅಷ್ಟು ಜಗ್ಗಬೇಕಾದರೆ ಎಷ್ಟು ಭಾರ ಬೇಕೆಂಬುದು ದರ್ಜಿಗೆ ಗೊತ್ತಿರುತ್ತದೆ. ಅವರು ಎದ್ದು ಬಂದು ಚೀಲವನ್ನು ಇಸಿದುಕೊಂಡು ಯಂತ್ರದ ಮೇಲಿಟ್ಟರು.

"ಅಮ್ಮ, ರದ್ದಾದ ಯಂತ್ರದಲ್ಲಿ ತೂಕ ನೋಡೋ ಹಾಗಿಲ್ಲ," ಎಂದರು ಹೆಡ್ ಕ್ಲರ್ಕು.

"ನಾನೇನು ವ್ಯಾಪಾರ ಮಾಡ್ತಿಲ್ಲ. ಸುಮ್ನಿರಿ."

ಮುಳ್ಳು ನಾಲ್ಕಕ್ಕೆ ಬಂದು ನಿಂತಿತು. ಒಂದು ಕೂದಲೆಳೆ ಆಚೆಯಿಲ್ಲ, ಈಚೆಯಿಲ್ಲ.

"ರೀ, ಹೋದ ಸಲ ಕಚೇರಿಯಿಂದ ನೇರ ಬಂದ್ರಲ್ಲ, ಆವಾಗ ಇದು ಎಲ್ಲಿತ್ತು?"

ಸಾಹೇಬರ ಕೈ ತಾನಾಗಿ ಎಡ ಹೆಗಲಿಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಹೋದ ಸಲ ಇತ್ತು. ಸ್ವೆಟರಿನ ಒಳಗೆ, ಯಾರಿಗೂ ಕಾಣದಂತೆ, ಹೊತ್ತವನ ನೆನಪಿಗೂ ಬಾರದಂತೆ. ನಿಯಮವೂ ಪಾಲನೆಯಾಗಿತ್ತು, ಯಂತ್ರವೂ ಸರಿಯಾಗಿತ್ತು, ಮುದ್ರೆಯೂ ಸರಿಯಾಗಿತ್ತು. ತಪ್ಪಾಗಿದ್ದದ್ದು ಈಗ ಹೊಡೆದ ಗೀಟು ಒಂದೇ.

ಮೊದಲು ನಕ್ಕವರು ಡಾಕ್ಟರಮ್ಮ. "ಒಳ್ಳೇದೇ ಆಯ್ತಲ್ಲ. ತೂಕ ಏರಿಲ್ಲ. ಚೀಲ ಮರೆಯೋದೇನು ಕಾಯಿಲೆಯಲ್ಲ, ನಾನೂ ತಲೆ ಮೇಲೆ ಕನ್ನಡಕ ಇಟ್ಕೊಂಡು ಮನೆಯೆಲ್ಲ ಹುಡುಕ್ತೀನಿ. ಅರ್ಹ ಅಂತಲೇ ಹಾಕ್ತೀನಿ."

ಪೆನ್ನು ಚೌಕದ ಮೇಲೆ ಇಳಿಯುತ್ತಿತ್ತು. ಸಾಹೇಬರು ಅದಕ್ಕೆ ಅಂಗೈ ಅಡ್ಡ ಹಿಡಿದರು.

"ಬೇಡಿ ಮೇಡಂ."

"ಸಾರ್," ಎಂದರು ಹೆಡ್ ಕ್ಲರ್ಕು ಅಳುವ ದನಿಯಲ್ಲಿ.

"ಹೆಗಲ ಮೇಲಿನ ಬಟ್ಟನ್ನೇ ಮರೆತವನು ನಾನು. ಸರಿಯಿದ್ದ ಯಂತ್ರಕ್ಕೆ ಗೀಟು ಹೊಡೆದೆ. ಇದು ಕಾಯಿಲೆನೋ, ವಯಸ್ಸೋ, ಇನ್ನೇನೋ, ನಿಮಗೇ ಗೊತ್ತಿಲ್ಲ ಅಂತೀರಿ. ನನಗೂ ಗೊತ್ತಿಲ್ಲ. ಅನುಮಾನ ಬಂದ ಯಂತ್ರ ನಿಲ್ಲಬೇಕು ಅಂತ ಈಗ ತಾನೇ ಹೇಳಿದೆ. ಯಂತ್ರಕ್ಕೊಂದು ನಿಯಮ, ನನಗೊಂದು ನಿಯಮ ಆಗಬಾರದು."

"ಆ ಕೋಣೆ ರೀ," ಎಂದರು ಮನೆಯಾಕೆ. ಅಷ್ಟೇ ಅಂದರು. ಅವರಿಗೊಬ್ಬರಿಗೇ ಗೊತ್ತಿದ್ದ ಆಸೆ ಅದು.

"ಕೋಣೆ ಎಲ್ಲಿಗೂ ಹೋಗಲ್ಲ ಕಣೇ."

ಡಾಕ್ಟರಮ್ಮ ಅವರ ಮುಖವನ್ನು ನೋಡಿದರು. ಆಮೇಲೆ ಎರಡು ಚೌಕಗಳ ನಡುವಿನ ಖಾಲಿ ಜಾಗದಲ್ಲಿ ಅಚ್ಚುಕಟ್ಟಾಗಿ ಬರೆದರು: ಗಡಿಯಲ್ಲಿದೆ, ಎರಡು ತಿಂಗಳ ನಂತರ ಮರುಪರೀಕ್ಷೆ. ಹಿಂದಿನ ಸಂಜೆ ಫೋನಿನಲ್ಲಿ ಬೇಡವೆನ್ನಿಸಿದ್ದ ಮಾತನ್ನೇ ಸಾಹೇಬರು ಈ ಸಂಜೆ ತಾವಾಗಿ ಕೇಳಿ ಬರೆಸಿಕೊಂಡಂತಾಯಿತು. ಹೆಡ್ ಕ್ಲರ್ಕು ಮೊಹರು ಒತ್ತಿ, ಎರಡು ವಿಷಯ ತಿಳಿಸಿದರು. ಅರ್ಹತಾ ಪತ್ರ ಬಾರದಿದ್ದರೆ ಬೀಗದ ಕೈ ಪಟ್ಟಿಯಲ್ಲಿನ ಮುಂದಿನ ಹೆಸರಿಗೆ ಹೋಗುತ್ತದೆ, ಆ ಹೆಸರು ಜೀಪ್ ಸಾಹೇಬರದು. ಎರಡನೆಯದು, ಸರಿಯಿದ್ದ ಮುದ್ರೆಗೆ ಗೀಟು ಬಿದ್ದದ್ದಕ್ಕೆ ಹದಿನೇಳನೇ ನಂಬರಿನವರಿಂದ ವಿವರಣೆ ಕೇಳಿ ನೋಟಿಸು ಹೋಗಬೇಕು. ಇಂಥ ನೋಟಿಸುಗಳನ್ನು ಬರೆಯುವುದು ಗ್ರಾಂ ಸಾಹೇಬರ ಕೆಲಸ.

"ನಾಳೆ ಬರೀತೀನಿ. ನಾಡಿದ್ದು ಉತ್ತರ ಕೊಡ್ತೀನಿ," ಎಂದರು ಸಾಹೇಬರು.

ಹೆಡ್ ಕ್ಲರ್ಕು ಕಚೇರಿಗೆ ಓಡಿದರು. ಮಹಡಿಯಕ್ಕ ಫೈಲು ಬಿಚ್ಚಿ ಡಾಕ್ಟರಮ್ಮನ ಎದುರು ಕೂತರು. ಗಂಡ ಹೆಂಡತಿ ಇಬ್ಬರೇ ಮನೆಯ ಕಡೆ ಹೊರಟರು. ಹಣ್ಣಿನಂಗಡಿಯ ಮುದುಕರು ರಸ್ತೆಯಾಚೆಯಿಂದ ಕೈಮುಗಿದರು.

ಸಾಹೇಬರು ಸ್ವಲ್ಪ ಮುಂದೆ ನಡೆಯುತ್ತಿದ್ದರು. ತಿರುವಿನಲ್ಲಿ ಅವರ ಹೆಜ್ಜೆ ಚುರುಕಾಯಿತು. ಬೆನ್ನು ನೆಟ್ಟಗಾಯಿತು. ಒಂದು ಕಡೆ ನಿಂತು ತೋಳು ಬೀಸಿ ನೋಡಿಕೊಂಡರು.

"ಏನೇ, ಒಂದು ವಿಚಿತ್ರ ನೋಡು. ಎರಡು ತಿಂಗಳಲ್ಲಿ ಇವತ್ತೇ ಮೊದಲು, ಮೈ ಇಷ್ಟು ಹಗುರ ಅನ್ನಿಸ್ತಿರೋದು. ಸುಸ್ತೇ ಇಲ್ಲ. ಹೆಗಲು ನೋವೂ ಇಲ್ಲ. ಆ ಸಂಖ್ಯೆ ತಾನಾಗೇ ಇಳೀತಿರಬೇಕು, ಡಾಕ್ಟ್ರಮ್ಮ ಹೇಳಿದ್ರಲ್ಲ. ನಾಳೆ ಬೆಳಗ್ಗೇನೇ ಹೋಗಿ ಹೇಳಿ, ಇನ್ನೊಂದು ಪತ್ರ ಬರೆಸಿಕೊಂಡ್ರೆ ಹೇಗೆ?"

"ಮೊದಲು ಮನೆಗೆ ನಡೀರಿ. ಒಂದು ಲೋಟ ಕಾಫಿ ಕುಡಿದು ಯೋಚನೆ ಮಾಡೋಣ," ಎಂದರು ಮನೆಯಾಕೆ, ಗೀಟು ಬಿದ್ದ ಯಂತ್ರದ ಮೇಲೆ ಗಂಡ ಮರೆತು ಬಂದಿದ್ದ ಚರ್ಮದ ಚೀಲವನ್ನು ಸದ್ದಾಗದಂತೆ ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಿಸಿಕೊಳ್ಳುತ್ತ.